ನಂಗಲಿ ಅತ್ತೆಯ ಕುಂಟು ‘ಮಾ’

ಮೊನ್ನೆ ಪಕ್ಕದ ಮನೆಯವರು ಊರಿಗೆ ಹೊರಡುವ ಮುಂಚೆ ಒಂದು ಪೆಟ್ಟಿಗೆ ಮಾವಿನಹಣ್ಣು ನಮ್ಮ ಬಾಗಿಲಲ್ಲಿಟ್ಟು ಹೋದರು. ಅವರು ಬರುವಷ್ಟರಲ್ಲಿ ಹಣ್ಣು ಕೊಳೆಯುತ್ತದಂತೆ, ನಾವೇ ತಿಂದು ಮುಗಿಸಬೇಕಂತೆ. ಇಂಥ ಜವಾಬ್ದಾರಿಗಳನ್ನು ನಾನು ಯಾವತ್ತೂ ಬೇಡ ಅಂದವಳಲ್ಲ. ಬಾದಾಮಿ ಹಣ್ಣಿನ ವಾಸನೆ ಅಷ್ಟರಲ್ಲೇ ಅಡುಗೆಮನೆವರೆಗೂ ಬಂದಿತ್ತು. ಆದರೂ ನೋಡಿ, ನನ್ನ ಕಣ್ಣು ಹೋದದ್ದು ಹಣ್ಣಿನ ಮೇಲಲ್ಲ, ರಟ್ಟಿನ ಮೇಲೆ. ‘ಮಾಗಿದ ಮಾವು’ ಎಂದು ಅಂಗೈಯಗಲದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಅಕ್ಷರದ ಅಂಚುಗಳನ್ನು ಇಲಿ ಕಡಿದಂತಿತ್ತು, ಹೊಟ್ಟೆಯ ಮಧ್ಯೆ ಅಲ್ಲಲ್ಲಿ ಮಸಿ ಹತ್ತದೆ ಬಿಳಿ ಬಿಟ್ಟಿತ್ತು. ಹಳೇ ಗೋಡೆಯ ಮೇಲೆ ಎರಡು ಮಳೆಗಾಲ ಕಂಡ ಪೋಸ್ಟರಿನ ಅಕ್ಷರದ ಹಾಗೆ.

ಇದನ್ನು ಈಗ ಕಂಪ್ಯೂಟರಿನಲ್ಲಿ ಬೇಕೆಂದೇ ಮಾಡುತ್ತಾರಂತೆ. ಹೊಸ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಹರಿದು ಹೆಚ್ಚು ಬೆಲೆಗೆ ಮಾರುವ ಕಾಲ ಇದು, ಅಕ್ಷರ ಪಾಪ ಏನು ಮಾಡೀತು. ನಾನು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದೆ. ಮೊದಲನೇ ‘ಮಾ’ದ ಬಲಗಡೆ ಎಲ್ಲಿ ಚಕ್ಕೆ ಎದ್ದಿತ್ತೋ, ಎರಡನೇ ‘ಮಾ’ದಲ್ಲೂ ಅಲ್ಲೇ ಎದ್ದಿತ್ತು. ಎರಡು ಅಕ್ಷರಗಳು ಎಲ್ಲಾದರೂ ಒಂದೇ ಕಡೆ ಸವೆಯುತ್ತವೆಯೇ? ಒಂದೇ ಮನೆಯಲ್ಲಿ ಬೆಳೆದ ಅಕ್ಕತಂಗಿಯರ ಚಪ್ಪಲಿಯೇ ಒಂದೇ ಕಡೆ ಸವೆಯುವುದಿಲ್ಲ. ‘ಮೋಸ’ ಅಂತ ಗೊಣಗಿಕೊಂಡು ಪೆಟ್ಟಿಗೆ ತೆರೆದೆ. ಹಣ್ಣು ಚೆನ್ನಾಗಿತ್ತು. ಆದರೆ ಅದನ್ನು ತಿನ್ನುತ್ತಾ ಕೂತಾಗ ಬೇಡವೆಂದರೂ ನಂಗಲಿ ಅತ್ತೆಯ ನೆನಪಾಯಿತು. ಆಮೇಲೆ ಆ ‘ಮೋಸ’ ಎಂಬ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳಬೇಕಾಯಿತು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಹೊತ್ತು. ಪ್ರೈಮರಿ ಸ್ಕೂಲಿನ ಟೀಚರಾಗಿ ನನ್ನನ್ನು ಶ್ರೀನಿವಾಸಪುರಕ್ಕೆ ಹಾಕಿದರು. ಅಲ್ಲಿ ನನ್ನ ಸೋದರಮಾವನ ಮನೆ ಇತ್ತು, ಬೇರೆ ಮನೆ ಹುಡುಕುವ ಪ್ರಶ್ನೆಯೇ ಬರಲಿಲ್ಲ. ಮನೆಯ ಮುಂದಿನ ಎರಡು ಅಂಕಣದಲ್ಲಿ ಮಾವನ ಪ್ರೆಸ್ಸು, ಹಿಂದೆ ಸಂಸಾರ, ಅದರ ಹಿಂದೆ ಹಿತ್ತಲು. ಅನ್ನಕ್ಕೂ ಸಾರಿಗೂ ಒಂದಿಷ್ಟು ಸೀಮೆಎಣ್ಣೆಯ ವಾಸನೆ ಇದ್ದೇ ಇರುತ್ತಿತ್ತು. ಮೊದಲ ವಾರ ಊಟ ಸೇರಲಿಲ್ಲ, ಆಮೇಲೆ ಆ ವಾಸನೆ ಇಲ್ಲದ ಊಟ ಸಪ್ಪೆ ಅನ್ನಿಸತೊಡಗಿತು. ಲಗ್ನಪತ್ರಿಕೆಗೆ, ಬಿಲ್ಲುಗಳಿಗೆ ಸೀಸದ ಸಣ್ಣ ಅಚ್ಚುಮೊಳೆಗಳಿದ್ದವು. ಮಾವನ ಪ್ರಾಣವಿದ್ದದ್ದು ಮಾತ್ರ ಮರದ ದೊಡ್ಡ ಅಕ್ಷರಗಳಲ್ಲಿ, ಗೋಡೆಗೆ ಅಂಟಿಸುವ ಪೋಸ್ಟರುಗಳ ಅಕ್ಷರಗಳಲ್ಲಿ.

ಅವನ್ನು ಮಾವ ಯಾವುದೋ ಮುಚ್ಚಿಹೋದ ಪ್ರೆಸ್ಸಿನಿಂದ ತಂದದ್ದಂತೆ. ತರುವಾಗಲೇ ಹಳೆಯವು. ಒಂದೊಂದೂ ಒಂದು ಗೇಣುದ್ದದ ಗಟ್ಟಿ ಮರದ ತುಂಡು, ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರ. ಮಸಿ ಕುಡಿದು ಕುಡಿದು ಕಪ್ಪಾಗಿ, ಒರಗಿದ ಬೆನ್ನಿಗೆ ಹೊಳಪು ಬಂದ ಕಂಬದ ಹಾಗೆ ಮಿರುಗುತ್ತಿದ್ದವು. ಎಲ್ಲಿ ಮರ ಸವೆದು ತಗ್ಗಾಗಿದೆಯೋ ಅಲ್ಲಿ ಮಸಿ ಹತ್ತುವುದಿಲ್ಲ, ಕಾಗದದ ಮೇಲೆ ಅಷ್ಟು ಜಾಗ ಬಿಳಿಯಾಗಿ ಉಳಿಯುತ್ತದೆ. ಹಾಗಾಗಿ ಮಾವ ಅಚ್ಚು ಹಾಕಿದ ಪೋಸ್ಟರು ಒಣಗುವ ಮೊದಲೇ ಹಳೆಯದಾಗಿ ಕಾಣುತ್ತಿತ್ತು. ಟೂರಿಂಗ್ ಟಾಕೀಸಿನವರು, ನಾಟಕದವರು, ಮಾವಿನ ಮಂಡಿಯವರು, ಎಲ್ಲರಿಗೂ ಅದೇ ಅಕ್ಷರ. ನಾಟಕದ ಭೀಮನೂ ತೋತಾಪುರಿ ಹಣ್ಣೂ ಒಂದೇ ಗತ್ತಿನಲ್ಲಿ ಗೋಡೆಯ ಮೇಲೆ ನಿಲ್ಲುತ್ತಿದ್ದವು.

ಯಾವ ಅಕ್ಷರ ಹೆಚ್ಚು ಸವೆದಿದೆ ಅಂತ ನೋಡಿದರೆ ಸೀಮೆಯ ಕಸುಬು ಗೊತ್ತಾಗುತ್ತಿತ್ತು. ನಮ್ಮಲ್ಲಿ ಎಲ್ಲಕ್ಕಿಂತ ಸವೆದದ್ದು ‘ಮಾ’. ಮಾವು ಅಂದರೂ ಅದೇ ಬೇಕು, ಮಾರಾಟ ಅಂದರೂ ಅದೇ ಬೇಕು, ಹಂಚಿನ ಕಾರ್ಖಾನೆಯವರು ಮಾಲೂರು ಅಂತ ಹಾಕಿಸಿದರೂ ಅದೇ. ಗಡಿಯ ಆಚೆಗೆ ಅಂಟಿಸುವ ಪೋಸ್ಟರಿನಲ್ಲಿ ತೆಲುಗಿನ ‘ಮಾಮಿಡಿ’ಗೂ, ಅಂದರೆ ಮಾವಿಗೂ, ಮಾವ ಇದನ್ನೇ ನಿಲ್ಲಿಸುತ್ತಿದ್ದರು. ತೆಲುಗಿನ ಮೊಳೆ ಬೇರೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಲೆಕಟ್ಟು ಸವೆದ ಮೇಲೆ ‘ಕ’ ಕನ್ನಡದ್ದೋ ತೆಲುಗಿನದ್ದೋ ಹೇಳುವವರು ಯಾರು? ಈಚೆಯವರು ತಮ್ಮದು ಅಂತ ಓದುತ್ತಿದ್ದರು, ಆಚೆಯವರು ತಮ್ಮದು ಅಂತ ಓದುತ್ತಿದ್ದರು. ಹೊಸ ಅಕ್ಷರಕ್ಕೆ ಇಂಥ ದೊಡ್ಡ ಮನಸ್ಸು ಇರುವುದಿಲ್ಲ.

ಅತ್ತೆ ಆ ಗಡಿಯಂಚಿನ ನಂಗಲಿಯವರು. ಲಾರಿ ರಸ್ತೆಯ ಪಕ್ಕ ಬೆಳೆದವರಾದ್ದರಿಂದ ಎದುರಿಗೆ ಕೂತವರ ಜೊತೆ ಮಾತಾಡಿದರೂ ರಸ್ತೆಯ ಆ ಬದಿಗೆ ಕೇಳಿಸುತ್ತಿತ್ತು. ತವರಿನಲ್ಲಿ ತೆಲುಗು, ಇಲ್ಲಿ ಕನ್ನಡ, ಕೋಪ ಬಂದಾಗ ಎರಡೂ. ಪ್ರೆಸ್ಸಿನಲ್ಲಿ ಮಾವ ಪೋಸ್ಟರು ಜೋಡಿಸುವಾಗ ಅತ್ತೆ ಅಕ್ಷರಗಳನ್ನಿಡುವ ಮರದ ಕೇಸಿನ ಪಕ್ಕ ನಿಲ್ಲುತ್ತಿದ್ದರು. ಮಾವ ತಲೆಯೆತ್ತದೆ “ಮಾ” ಅನ್ನುವುದು, ಅತ್ತೆ ಕೊಡುವುದು. “ವು” ಅನ್ನುವುದು, ಕೊಡುವುದು. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಅವರೇ ಜೋಡಿಸಿಡುತ್ತಿದ್ದರು. ತೊಳೆಯುವಾಗ ಅಕ್ಷರಗಳ ಜೊತೆ ಮಾತು ಬೇರೆ. ಪ್ರತಿ ಪೋಸ್ಟರಿನ ನೆತ್ತಿಯ ಮೇಲೆ ಕೂರುವ ‘ಶ್ರೀ’ ಅವರಿಗೆ ಪೆದ್ದಾಯನ, ಅಂದರೆ ಹಿರೀಕ. ತಲೆಕಟ್ಟು ಹೋದ ‘ಕ’ ಬೋಡಿ, ಬೋಳುತಲೆಯವಳು. ಹುಳ ಕೊರೆದು ಮಧ್ಯೆ ತೂತು ಬಿದ್ದ ‘ನ’ ಒಂಟಿಕಣ್ಣಿ. ಕೆಳಗಿನ ಬಳುಕು ಒಂದು ಪಕ್ಕಕ್ಕೆ ತಿಂದುಹೋಗಿ ಕಾಲೆಳೆದು ನಡೆಯುವವಳಂತಿದ್ದ ‘ಮಾ’ ಕುಂಟಿ. “ಕುಂಟಿ, ಈವತ್ತು ನಿನಗೆ ಕೆಲಸ ಜಾಸ್ತಿ ಆಯ್ತು ಕಣೇ” ಅಂತ ಅದನ್ನು ಸೆರಗಿನಲ್ಲಿ ಒರೆಸಿ ಇಡುವುದನ್ನು ನಾನೇ ಕಂಡಿದ್ದೇನೆ.

ಅತ್ತೆಯ ಓದಿನ ಬಗ್ಗೆ ಮಾವನಿಗೆ ಬಹಳ ಹೆಮ್ಮೆ. ಹೆಣ್ಣು ನೋಡಲು ಹೋದಾಗ ಅವರು ಕೇಳಿದ್ದು ಒಂದೇ ಅಂತೆ, ಹುಡುಗಿಗೆ ಓದೋಕೆ ಬರಬೇಕು. ಬರ್ತದೆ ಅಂದರಂತೆ ಅತ್ತೆಯ ಅಪ್ಪ. “ನಮ್ಮೋಳು ಪೇಪರು ಓದ್ತಾಳೆ” ಅಂತ ಪ್ರೆಸ್ಸಿಗೆ ಬಂದವರಿಗೆಲ್ಲ ಮಾವ ಒಂದಲ್ಲ ಒಂದು ನೆಪದಲ್ಲಿ ತಿಳಿಸದೆ ಬಿಡುತ್ತಿರಲಿಲ್ಲ. ಓದುತ್ತಿದ್ದದ್ದೂ ನಿಜ. ಮಧ್ಯಾಹ್ನ ಊಟವಾದ ಮೇಲೆ ಪೇಪರು ಬಿಡಿಸಿಕೊಂಡು ಕೂತು ದೇಶದ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದರು. ನನಗೂ ಆಶ್ಚರ್ಯವೇ. ಹಳ್ಳಿಯ ಹೆಂಗಸರಿಗೆ ಅಕ್ಷರ ಕಲಿಸುವ ವಯಸ್ಕರ ತರಗತಿಯನ್ನೂ ನನ್ನ ತಲೆಗೆ ಕಟ್ಟಿದ್ದರು. ಮನೆಯಲ್ಲೇ ಇಂಥ ಅತ್ತೆ ಇರುವುದು ನನ್ನ ಪುಣ್ಯ ಅಂದುಕೊಂಡಿದ್ದೆ.

ಒಂದು ಭಾನುವಾರ ನಾನೂ ಅತ್ತೆಯೂ ಮುಳಬಾಗಿಲಿಗೆ ಹೋಗಬೇಕಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ನಿಂತಿದ್ದವು. “ಯಾವ್ದು ಅಂತ ನೋಡಮ್ಮ, ನಾನು ಕನ್ನಡಕ ತಂದಿಲ್ಲ” ಅಂದರು. ಅವರಿಗೆ ಕನ್ನಡಕವೇ ಇಲ್ಲವಲ್ಲ ಅಂತ ಹೊಳೆದದ್ದು ಸೀಟಿನಲ್ಲಿ ಕೂತ ಮೇಲೆ. ಬಸ್ಸು ಊರು ದಾಟುವಾಗ ಗೋಡೆಯ ಮೇಲೆ ಮಾವನ ಪೋಸ್ಟರು ಕಂಡಿತು. ಅತ್ತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಇಡೀ ಬಸ್ಸಿಗೆ ಕೇಳುವ ಹಾಗೆ, ಹಿರೀಕ ‘ಶ್ರೀ’ಯಿಂದ ಹಿಡಿದು ಕೊನೆಯ ಸಾಲಿನವರೆಗೆ ಓದಿದರು. ಪಕ್ಕದಲ್ಲೇ ಹೊಚ್ಚಹೊಸ ಅಂಗಡಿಯ ಬೋರ್ಡು, ಅದಕ್ಕಿಂತ ದೊಡ್ಡ ಅಕ್ಷರ. ಅದರ ಮೇಲೆ ಅವರ ಕಣ್ಣು ನಿಲ್ಲಲೇ ಇಲ್ಲ.

“ಅತ್ತೆ, ಅದನ್ನೂ ಓದಿ” ಅಂದೆ.

ಅತ್ತೆ ಕತ್ತು ಒಳಗೆ ತೆಗೆದುಕೊಂಡರು. ಆಮೇಲೆ ಅವರ ಜನ್ಮದಲ್ಲೇ ಮೊದಲ ಸಲ ಎಂಬಂತೆ ಮೆಲ್ಲಗೆ ಮಾತಾಡಿದರು. “ಅವರೆಲ್ಲ ಯಾರೋ ನನಗೆ ಗೊತ್ತಿಲ್ಲ ಕಣೇ. ನಮ್ಮನೆಯವರು ಮಾತ್ರ ಗೊತ್ತು. ಕುಂಟಿ ಬಂದ್ರೆ ಮಾ, ಬೋಡಿ ಬಂದ್ರೆ ಕ. ಪೇಪರ್‌ನಲ್ಲಿ ಎಲ್ಲಾ ನೆಟ್ಟಗವೆ, ಒಂದೇ ಥರ ಅವೆ. ಯಾರನ್ನ ಏನು ಅಂತ ಕರೀಲಿ?”

“ಮತ್ತೆ ಮಧ್ಯಾಹ್ನ ಪೇಪರು?”

“ಬೆಳಗ್ಗೆ ರೇಡಿಯೋದಾಗೆ ಹೇಳ್ತಾರಲ್ಲ, ಅದೇ. ನಿಮ್ಮ ಮಾವನಿಗೆ ಹೇಳಬೇಡ. ಇಷ್ಟು ವರ್ಷ ಎಲ್ಲರ ಮುಂದೆ ನಮ್ಮೋಳು ಓದ್ತಾಳೆ ಅಂತ ಹೇಳ್ಕೊಂಡು ತಿರುಗವ್ರೆ. ಸುಳ್ಳು ಅಂತ ಗೊತ್ತಾದ್ರೆ ಆ ಮನುಷ್ಯ ಯಾರ ಮುಖ ನೋಡ್ತಾರೆ? ನಾನು ಅವರ ಮುಖ ಹೆಂಗೆ ನೋಡ್ಲಿ?” ಕಣ್ಣಲ್ಲಿ ನೀರಿತ್ತು. ಬೇರೆ ಯಾವ ಹೊತ್ತಿನಲ್ಲೂ ನಾನು ಅತ್ತೆಯ ಕಣ್ಣಲ್ಲಿ ನೀರು ಕಂಡಿರಲಿಲ್ಲ, ನನಗೆ ಸಂಕಟವಾಯಿತು.

ಮಾತು ಕೊಟ್ಟೆ. ಜೊತೆಗೆ ನನ್ನೊಳಗಿನ ಟೀಚರು ಎದ್ದು ಕೂತಳು. ಇಷ್ಟು ದಿನ ಮಕ್ಕಳಿಗೆ ಕಲಿಸಿದವಳು ನಾನು, ಅತ್ತೆಗೆ ಕಲಿಸಲಾರೆನೇ? ಮಾವ ಮಧ್ಯಾಹ್ನ ನಿದ್ದೆ ಹೋದಾಗ ಅಡುಗೆಮನೆಯಲ್ಲಿ ನನ್ನ ಚಾರ್ಟು ಬಿಚ್ಚುತ್ತಿದ್ದೆ. ‘ಮ’ದ ಪಕ್ಕ ಮರ, ‘ಕ’ದ ಪಕ್ಕ ಕಮಲ. ಅತ್ತೆ ಚಿತ್ರ ನೋಡಿ ಮರ ಅನ್ನುತ್ತಿದ್ದರು, ಕಮಲ ಅನ್ನುತ್ತಿದ್ದರು, ಚಿತ್ರದ ಮೇಲೆ ಕೈ ಇಟ್ಟರೆ ಸುಮ್ಮನಾಗುತ್ತಿದ್ದರು. ಆಮೇಲಾಮೇಲೆ ಅವರಿಗಿಂತ ನನಗೇ ತೂಕಡಿಕೆ ಬರತೊಡಗಿತು. “ನಿನ್ನ ಅಕ್ಷರಗಳಿಗೆ ಮೈಯಾಗೆ ಒಂದು ಗಾಯನೂ ಇಲ್ಲ, ಗುರುತು ಹಿಡಿಯೋದು ಹೆಂಗೆ ಟೀಚರಮ್ಮ” ಅಂತ ಚಾರ್ಟು ಸುತ್ತಿ ನನ್ನ ಕೈಗೆ ಕೊಟ್ಟರು.

ಅದೇ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೊಸ ಪ್ರೆಸ್ಸು ಶುರುವಾಯಿತು. ಅವರ ಅಕ್ಷರ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮಾವನಿಗೆ ಹೊಟ್ಟೆಯೊಳಗೆ ಉರಿ. ಒಂದು ದಿನ ಊಟಕ್ಕೆ ಕೂತವರೇ ಹೇಳಿದರು: “ಬೆಂಗಳೂರಿಗೆ ಹೊಸ ಸೆಟ್ಟು ಆರ್ಡರ್ ಕೊಟ್ಟಿದೀನಿ. ಈ ಹಳೇವನ್ನ ಒಂದೊಂದಾಗಿ ಹಂಡೆ ಒಲೆಗೆ ಹಾಕು.”

ಅತ್ತೆಯ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಗೇ ನಿಂತಿತು. ಇಡೀ ಮಧ್ಯಾಹ್ನ ವಾದ ಮಾಡಿದರು. ಹಳೇದು ಲಕ್ಷ್ಮಿ ಅಂದರು, ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಂಡವು ಅಂದರು, ಮಸಿ ಕುಡಿದ ಮರ ಹೊಗೆ ಜಾಸ್ತಿ ಅಂದರು. ನಿಜವಾದ ಕಾರಣ ಮಾತ್ರ ಹೇಳಲಿಲ್ಲ. “ಓದೋಕೆ ಬರೋಳು ನೀನು, ಚೆನ್ನಾಗಿರೋ ಅಕ್ಷರ ಬಂದ್ರೆ ನಿನಗೇ ಸಂತೋಷ ಆಗಬೇಕು” ಅಂದರು ಮಾವ. ಅತ್ತೆ ಎದ್ದು ಪಾತ್ರೆ ತೊಳೆಯಲು ಹೋದರು.

ಮಾವಿನ ಸುಗ್ಗಿಗೆ ಮುಂಚೆ ಹೊಸ ಅಕ್ಷರಗಳು ಬಂದವು. ಎಣ್ಣೆ ಹಚ್ಚಿದ ಮರ, ಚೂಪಾದ ಅಂಚು, ಆಗ ತಾನೇ ತಲೆ ಬಾಚಿಕೊಂಡು ಸ್ಕೂಲಿಗೆ ಬಂದ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು. ನನಗಂತೂ ಬಹಳ ಚಂದ ಕಂಡವು ಅಂತ ಈಗ ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಮಾವ ಮಂಡಿಯ ಪೋಸ್ಟರು ಜೋಡಿಸಲು ಕೂತು “ಮಾ” ಅಂದರು. ಅತ್ತೆ ಕೇಸಿನ ಮುಂದೆ ನಿಂತೇ ಇದ್ದರು. ಮಾವ ಮತ್ತೆ “ಮಾ” ಅಂದರು. ಅತ್ತೆ ಯಾವುದೋ ಒಂದನ್ನು ಎತ್ತಿ ಕೊಟ್ಟರು. “ಲೇ, ಎಲ್ಲಿ ನೋಡ್ತಿದೀಯೇ?” ಅಂತ ಮಾವ ತಲೆಯೆತ್ತಿದರು. ಈ ಎಣ್ಣೆಯ ವಾಸನೆಗೆ ತಲೆ ಸಿಡೀತೈತೆ ಅಂತ ಅತ್ತೆ ಒಳಗೆ ಹೋಗಿ ಮಲಗಿಬಿಟ್ಟರು. ಅವತ್ತು ಅಕ್ಷರ ಕೊಟ್ಟವಳು ನಾನು.

ಪೋಸ್ಟರು ನಂಗಲಿಯವರೆಗೆ, ಅದರಾಚೆಯವರೆಗೆ ಹೋಯಿತು. ಸುಗ್ಗಿ ಶುರುವಾದರೂ ಆ ಕಡೆಯ ತೋಟದವರು ಮಂಡಿಗೆ ಬರಲೇ ಇಲ್ಲ. ಮಂಡಿಯ ಯಜಮಾನರು ವಿಚಾರಿಸಿಕೊಂಡು ಬಂದು ಪ್ರೆಸ್ಸಿನ ಬಾಗಿಲಲ್ಲಿ ನಿಂತರು. “ಏನ್ ಮಾಡಿಬಿಟ್ರಿ ಸ್ವಾಮಿ. ಅಲ್ಲಿ ಜನ ಇದನ್ನ ಗೌರ್ಮೆಂಟ್ ನೋಟೀಸು ಅಂದ್ಕೊಂಡವ್ರೆ. ಮಕ್ಕಳಾಗದ ಆಪರೇಷನ್ ಕ್ಯಾಂಪೋ, ಕಂದಾಯ ವಸೂಲಿಯೋ ಅಂತ ಆ ಗೋಡೆ ಕಡೆ ಹಾಯ್ತಾ ಇಲ್ಲ. ಓದೋರೂ ಹತ್ರ ಹೋಗಿ ಓದ್ಲಿಲ್ಲ. ಇಷ್ಟು ನೀಟಾಗಿ ಸರ್ಕಾರದೋರು ಬಿಟ್ರೆ ಯಾರು ಹಾಕ್ತಾರೆ? ಹಳೇ ಅಕ್ಷರದಾಗೇ ಇನ್ನೊಂದು ಹಾಕ್ಕೊಡಿ.”

ನಮ್ಮ ಸೀಮೆಯವರ ಬುದ್ಧಿಯನ್ನು ನಾನು ಅವತ್ತು ಮನಸ್ಸಿನಲ್ಲೇ ಕೊಂಡಾಡಿದೆ. ಸವೆದ ಅಕ್ಷರ ಅಂದರೆ ಅವರಿಗೆ ಗುರುತಿನವರು ಮಾತಾಡಿದ ಹಾಗೆ, ಅಂಜಿಕೆ ಇಲ್ಲ. ಆದರೆ ಮಾವನ ಮುಖ ಬಿಳಿಚಿಕೊಂಡಿತು. ಹಳೆಯವು ಒಲೆಗೆ ಹೋಗುತ್ತಾ ಇವೆ ಅಂತ ಅವರಿಗೆ ಗೊತ್ತು, ಯಜಮಾನರಿಗೂ ಹಾಗೇ ಹೇಳಿದರು. ದಿನಾ ಸ್ನಾನದ ಮನೆಯಿಂದ ಮಸಿ ಸುಟ್ಟ ವಾಸನೆ ಬರುತ್ತಿತ್ತು. ಒಳಗೆ ಹೋಗಿ “ಎಷ್ಟು ಉಳಿದವೆ?” ಅಂದರು. “ಎಲ್ಲಾ ಮುಗೀತು, ನೀವೇ ಹಾಕು ಅಂದ್ರಲ್ಲ” ಅಂದರು ಅತ್ತೆ, ನೆಮ್ಮದಿಯಾಗಿ ಬೆಳ್ಳುಳ್ಳಿ ಬಿಡಿಸುತ್ತಾ. ಆ ನೆಮ್ಮದಿ ನೋಡಿ ನನಗೆ ಅನುಮಾನ ಬಂತು.

ಮಧ್ಯಾಹ್ನ ಮಾವ ಮಲಗಿದ ಮೇಲೆ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಅತ್ತೆ ಕೂತಿದ್ದರು. ಮಡಿಲಲ್ಲಿ ಹೊಸ ಅಕ್ಷರ. ಅದರ ಒಂದು ಮೂಲೆಯನ್ನು ಕಲ್ಲಿಗೆ ಒತ್ತಿ ಉಜ್ಜುತ್ತಿದ್ದರು, ಎತ್ತಿ ಬೆರಳಾಡಿಸಿ ನೋಡುತ್ತಿದ್ದರು, ಕಣ್ಣು ಮುಚ್ಚಿ ಯೋಚಿಸಿ ಮತ್ತೆ ಉಜ್ಜುತ್ತಿದ್ದರು. ಪಕ್ಕದಲ್ಲಿ ಈಳಿಗೆಮಣೆ ಮತ್ತು ಗೋಣಿ ಹೊಲಿಯುವ ದಬ್ಬಳ. ನನ್ನನ್ನು ಕಂಡು ಬೆಚ್ಚಲೂ ಇಲ್ಲ.

“ಬಾ, ಇದೊಂದೇ ಬಾಕಿ” ಅಂದರು. “ದಿನಾ ಹಳೇದೊಂದನ್ನ ಪಕ್ಕದಾಗೆ ಇಟ್ಕೊಂಡು ಹೊಸದನ್ನ ಹಂಗೇ ಮಾಡ್ತಿದ್ದೆ. ಹಂಗೇ ಆಯ್ತು ಅಂತ ಕೈಗೆ ಗೊತ್ತಾದ ಮೇಲೇ ಹಳೇದನ್ನ ಒಲೆಗೆ ಹಾಕ್ತಿದ್ದೆ. ಬೋಡಿಗೆ ಈಳಿಗೆ ಸಾಕಾಯ್ತು. ಒಂಟಿಕಣ್ಣಿಗೆ ದಬ್ಬಳ ಕಾಯಿಸಿ ಚುಚ್ಚಿದೆ. ಪೆದ್ದಾಯನ ಮಾತ್ರ ಬಾಳ ಕಷ್ಟ ಕೊಟ್ಟ. ಈ ಕುಂಟಿನ ಎಲ್ಲರಿಗಿಂತ ಕೊನೆಗೆ ಇಟ್ಕೊಂಡೆ. ಹಳೇ ಕುಂಟಿನ ಒಲೆಗೆ ಹಾಕೋಕೆ ಮನಸ್ಸು ಬರ್ಲಿಲ್ಲ ಕಣೇ, ಈವತ್ತು ಬೆಳಗ್ಗೆ ಹಾಕ್ದೆ. ಅವಳ ಗಾಯ ಮಾತ್ರ ಪಕ್ಕದಾಗೆ ಇಲ್ದಿದ್ರೂ ಕೈಗೆ ಗೊತ್ತು.”

ನಾನು ಅವರ ಪಕ್ಕ ಕೂತೆ. ಕಲಿಯಲಾರದ ಶಿಷ್ಯೆ ಅಂತ ನಾನು ಕೈಬಿಟ್ಟಿದ್ದ ಈ ಹೆಂಗಸು, ಅಕ್ಷರ ತನಗೆ ಸಿಕ್ಕಲಿಲ್ಲ ಅಂತ ಅಕ್ಷರವನ್ನೇ ತನ್ನ ಹತ್ತಿರಕ್ಕೆ ಎಳೆದುಕೊಂಡಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಗಬೇಕು ಅನ್ನಿಸಿತು, ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಕಲ್ಲಿನ ಮೇಲೆ ನೀರು ಹಾಕಿಕೊಟ್ಟೆ.

ಮಾರನೇ ದಿನ ಮಾವ ಬೇರೆ ದಾರಿಯಿಲ್ಲದೆ ಹೊಸ ಅಕ್ಷರಗಳಲ್ಲೇ ಪೋಸ್ಟರು ಜೋಡಿಸಿದರು. “ಮಾ” ಅಂದರು, ಕೈಗೆ ‘ಮಾ’ ಬಂತು. “ವು” ಅಂದರು, ಬಂತು. ಅತ್ತೆಯ ತಲೆನೋವು ವಾಸಿಯಾಗಿತ್ತು. ಮೊದಲ ಪ್ರತಿಯನ್ನು ಎತ್ತಿ ಹಿಡಿದ ಮಾವ ಬಾಗಿಲ ಬೆಳಕಿಗೆ ಹೋದರು, ವಾಪಸ್ಸು ಬಂದರು, ಅಕ್ಷರ ಮುಟ್ಟಿ ನೋಡಿದರು. “ನೋಡು ಈ ಬೆಂಗಳೂರಿನವರು ಎಂಥಾ ಹಸಿ ಮರ ಕೊಟ್ಟವ್ರೆ, ಇಷ್ಟು ಬೇಗ ಸವೆದುಹೋಯ್ತು” ಅಂದರು. ಇನ್ನೂ ಸ್ವಲ್ಪ ನೋಡಿ, “ಈ ಮನೆಗೆ ಬಂದ ಅಕ್ಷರಕ್ಕೆಲ್ಲ ಅದೇ ಹಣೆಬರಹ” ಅಂದರು. ಮಂಡಿಯ ಯಜಮಾನರಿಗೆ ಮಾತ್ರ ಬಹಳ ಖುಷಿ. ಹಳೇದು ಸುಟ್ಟಿಲ್ಲ ಅಂತ ಮೊದಲೇ ಹೇಳಬಾರದಾಗಿತ್ತಾ ಸ್ವಾಮಿ ಅಂತ ಮಾವನ ಬೆನ್ನು ತಟ್ಟಿದರು. ನಂಗಲಿಯ ಕಡೆಯ ಗಾಡಿಗಳು ಆ ವಾರವೇ ಬಂದವು.

ಇಲ್ಲಿಗೆ ನಿಲ್ಲಿಸಿದರೂ ಆಗುತ್ತಿತ್ತು. ಆದರೆ ನಾನು ಅತ್ತೆಯನ್ನು ಮೆಚ್ಚುವುದು ಇದಕ್ಕಲ್ಲ, ಅಥವಾ ಇದಕ್ಕೆ ಮಾತ್ರ ಅಲ್ಲ.

ಮಳೆಗಾಲ ಕಳೆದು ಎಷ್ಟೋ ದಿನವಾಗಿತ್ತು. ಒಂದು ಮಧ್ಯಾಹ್ನ ಮಾವ ಲಗ್ನಪತ್ರಿಕೆಯ ಸಣ್ಣ ಮೊಳೆ ಜೋಡಿಸುತ್ತಿದ್ದರು, ನಾನು ಮಕ್ಕಳ ಸ್ಲೇಟುಗಳಿಗೆ ದಾರ ಕಟ್ಟುತ್ತಿದ್ದೆ. ಅತ್ತೆ ಎಂದಿನಂತೆ ಪೇಪರು ಬಿಡಿಸಿಕೊಂಡು ಕೂತರು. ದೇಶದ ಸುದ್ದಿ ಬರುತ್ತದೆ ಅಂತ ನಾನು ಕಾದರೆ, ಬೇರೇನೋ ಬಂತು. “ಮಾ, ಲೂ, ರಿ, ನ... ಮಾಲೂರಿನ. ಹಂ, ಚಿ, ನ... ಹಂಚಿನ. ಕಾ...ರ್...ಖಾನೆಗೆ.” ತಡವರಿಸಿ ತಡವರಿಸಿ, ಬೆರಳಿಟ್ಟುಕೊಂಡು, ಪೂರ್ತಿ ಓದಿದರು: ಮಾಲೂರಿನ ಹಂಚಿನ ಕಾರ್ಖಾನೆಗೆ ಕೆಲಸದವರು ಬೇಕಾಗಿದ್ದಾರೆ. ಪುಟದ ಕೆಳಗಿನ ಮೂಲೆಯ ಜಾಹೀರಾತು. ಅದನ್ನು ಯಾವ ರೇಡಿಯೋದವರೂ ಹೇಳಿರಲು ಸಾಧ್ಯವಿರಲಿಲ್ಲ.

ನಾನು ಸ್ಲೇಟು ಕೆಳಗಿಟ್ಟು ಅವರ ಪಕ್ಕಕ್ಕೆ ಸರಿದೆ. “ಅತ್ತೆ, ಇವು ನೆಟ್ಟಗಿರೋ ಅಕ್ಷರ ಅಲ್ವಾ?” ಅಂತ ಪಿಸುಗುಟ್ಟಿದೆ. “ಎಲ್ಲಿಂದ ಗೊತ್ತಾದವು?”

ಅತ್ತೆ ನನ್ನ ಕಡೆ ಬಾಗಿದರು. ಮುಖ ಕೆಂಪಾಗಿತ್ತು. “ನಾನೇ ಸವೆಸಿದ್ದಲ್ವೇನೇ? ಸವೆಸೋಕೆ ಮುಂಚೆ ಹೆಂಗಿದ್ವು ಅಂತ ನನಗೆ ಗೊತ್ತಿಲ್ವಾ? ಕುಂಟಿಗೆ ಕಾಲು ಬಂದ್ರೆ ಇವಳೇ ನೋಡು.” ಬೆರಳಿನಿಂದ ಪೇಪರಿನ ‘ಮಾ’ವನ್ನು ಮುಟ್ಟಿ ತೋರಿಸಿದರು. ಆಮೇಲೆ ನಂಗಲಿಯ ಗಂಟಲು ತೆರೆದು ಅದೇ ಜಾಹೀರಾತನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು.

“ಸ್ವಲ್ಪ ಮೆತ್ತಗೆ ಓದ್ಕೊಳ್ಳೇ” ಅಂದರು ಮಾವ, ತಲೆಯೆತ್ತದೆ. “ದಿನಾ ಓದೋಳು ಈವತ್ತೇನೋ ಹೊಸದಾಗಿ ಓದೋಳ ಹಂಗೆ ಕೂಗ್ತಾಳೆ.”

ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು ನೋಡಿದೆ. ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡೆವು.

ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಗೋಡೆಯ ಪೋಸ್ಟರುಗಳು ಬೇರೆ ಥರ ಆದವು, ಮಾವನ ಮೆಷಿನ್ನು ನಿಂತಿತು. ಅತ್ತೆ ಮಾತ್ರ ಕೊನೆಯವರೆಗೂ ಪೇಪರಿನ ಮೂಲೆಮೂಲೆಯ ಜಾಹೀರಾತನ್ನೂ ಬಿಡದೆ ಓದಿದರು. ಮಾವನಿಗೆ ಕೊನೆಯವರೆಗೂ ಏನೂ ಗೊತ್ತಾಗಲಿಲ್ಲ.

ಮಾವಿನಹಣ್ಣಿನ ಕೈ ತೊಳೆದುಕೊಂಡು ಬಂದು ಆ ಪೆಟ್ಟಿಗೆಯನ್ನು ಮತ್ತೆ ಬೆಳಕಿಗೆ ಹಿಡಿದೆ. ಯಾವ ಊರಿನ ಯಾವ ಹುಡುಗಿಯೋ, ಹುಡುಗನೋ, ಕಂಪ್ಯೂಟರಿನ ಮುಂದೆ ಕೂತು ನೆಟ್ಟಗಿದ್ದ ‘ಮಾ’ವನ್ನು ಇಲ್ಲಿಷ್ಟು, ಅಲ್ಲಿಷ್ಟು ಸವೆಸಿದ್ದಾರೆ. ಸವೆಸುವುದಕ್ಕೆ ಅಕ್ಷರವನ್ನು ಎಷ್ಟು ಹತ್ತಿರದಿಂದ ನೋಡಬೇಕು ಅಂತ ನನಗೆ ಗೊತ್ತು, ಒಗೆಯುವ ಕಲ್ಲಿನ ಮುಂದೆ ಕಂಡಿದ್ದೇನೆ. ನನ್ನ ‘ಮೋಸ’ ನನಗೇ ವಾಪಸ್ಸು ಇರಲಿ. ಚಕ್ಕೆ ಎದ್ದ ಜಾಗದ ಮೇಲೆ ಬೆರಳಿಟ್ಟು ಓದಿದೆ, ಒಂದೊಂದೇ ಅಕ್ಷರ, ಗಟ್ಟಿಯಾಗಿ.

“ಯಾರಿಗೆ ಓದಿ ಹೇಳ್ತಿದೀಯ?” ಅಂದರು ನಮ್ಮ ಯಜಮಾನರು ಒಳಗಿನಿಂದ.

“ನಮ್ಮ ನಂಗಲಿ ಅತ್ತೆಗೆ” ಅಂದೆ. “ಪಾಠ ಒಪ್ಪಿಸ್ತಾ ಇದೀನಿ.”